ಅರ್ಥ್ ಇಲ್ಲ

ಎರಡು ಸಾವಿರ ಬಿಟ್ಟುಕೊಟ್ಟು ಚೀಟಿ ಕೂಗಿದ್ದೆ,
ಅದಕ್ಕೇ ಇರಬೇಕು ಎಂದುಕೊಂಡೆ ಮೊದಲು:
ನಲವತ್ಮೂರು ಇಂಚಿನ ಹೊಸ ಟಿವಿ
ಗೋಡೆಗೇರಿದ ಸಂಜೆಯಿಂದಲೇ
ಹಿಂದೊಂದು ಜುಂಯ್.

ಜೋರೇನಲ್ಲ.
ಮುಚ್ಚಿದ ಡಬ್ಬಿಯಲ್ಲಿ ನೊಣ ಸಿಕ್ಕಿಕೊಂಡ ಹಾಗೆ.
ಸುದ್ದಿ ಓದುವವಳ ಮಾತಿಗೂ ಮಾತಿಗೂ ನಡುವೆ,
ಧಾರಾವಾಹಿಯ ಅತ್ತೆ ಉಸಿರೆಳೆದುಕೊಳ್ಳುವಾಗ,
ವಾಲ್ಯೂಮು ಸೊನ್ನೆಗಿಳಿಸಿದರೂ
ಸೊನ್ನೆಯ ಒಳಗೆ.

ಹಾಲೇಶ ಗೂಡ್ಸ್ ಟೆಂಪೋ ನಿಲ್ಲಿಸಿ ಬಂದು
ತಟ್ಟೆ ಮುಂದೆ ಕೂತು, "ಎಲ್ಲಿ, ಏನೂ ಇಲ್ವಲ್ಲ" ಎಂದ.
ಹಗಲೆಲ್ಲ ಇಂಜಿನ್ನಿನ ಪಕ್ಕ ಕೂರುವ ಕಿವಿ ಅದು,
ಸಾಕ್ಷಿಗೆ ನಿಲ್ಲಿಸುವಂಥದ್ದಲ್ಲ.

ಕಂಪನಿಗೆ ಫೋನು ಮಾಡಿದೆ. ಕನ್ನಡಕ್ಕಾಗಿ ಎರಡು ಒತ್ತಿದೆ.
ಸದ್ದು ಹೇಗಿದೆ ಮೇಡಂ, ವಿವರಿಸಿ, ಎಂದಳು.
ಜುಂಯ್ ಅಂದೆ.
ಬರೆದುಕೊಂಡಳೋ ಏನೋ, ಸ್ವಲ್ಪ ಹೊತ್ತು ಸುಮ್ಮನಿದ್ದಳು.
ಆಫ್ ಮಾಡಿ ಆನ್ ಮಾಡಿ ಎಂದಳು.
ಮಾಡಿದೆ. ನಾಲ್ಕು ಸಲ.

ಫ್ರಿಜ್ಜು ಆರಿಸಿ ನೋಡಿದೆ;
ಮತ್ತೆ ಹಾಕಲು ಮರೆತು ಬೆಳಿಗ್ಗೆ ಹಾಲು ಒಡೆಯಿತು.
ಹೊಲಿಗೆ ಮೆಷಿನ್ನಿನ ಮೋಟಾರಿನ ಮೇಲೆ ಗುಮಾನಿ ಬಂದು
ಎರಡು ದಿನ ಕಾಲಲ್ಲೇ ತುಳಿದು ಬ್ಲೌಸು ಹೊಲಿದೆ.
ಮೊಳಕಾಲಿಗೆ ನೋವು ಬಂತು,
ಜುಂಯ್ ಹೋಗಲಿಲ್ಲ.

ಕೊನೆಗೆ ಗಾಂಧಿ ಬಜಾರಿನಿಂದ ದಸ್ತಗೀರ್ ಸಾಬರು ಬಂದರು,
ರೇಡಿಯೋ ಕಾಲದಿಂದ ಬೆಸುಗೆ ಹಿಡಿದ ಕೈ.
ಟಿವಿಯ ಬೆನ್ನಿಗೆ ಅಂಗೈ ಇಟ್ಟು
ಜ್ವರ ನೋಡುವವರ ಹಾಗೆ ಬಹಳ ಹೊತ್ತು ನಿಂತರು.
ಆಮೇಲೆ ನನ್ನ ಮುಖ ನೋಡದೆ,
ಕೈಯಲ್ಲಿದ್ದ ಸ್ಕ್ರೂಡ್ರೈವರಿಗೆ ಹೇಳುವ ಹಾಗೆ:
"ಈ ಸಣ್ಣ ಸದ್ದೆಲ್ಲ ನಂಗೀಗ ಕೇಳ್ಸಲ್ಲಮ್ಮ.
ಐದಾರು ವರ್ಷ ಆಯ್ತು.
ಅಂಗಡೀಲಿ ಯಾರಿಗೂ ಹೇಳಿಲ್ಲ."

ಮೂರನೇ ಕ್ಲಾಸಿನ ಇಂಚರ ಮಗ್ಗಿ ಬಿಟ್ಟು ಎದ್ದು ಬಂದಳು.
"ನೀನು ನನ್ನ ಕಿವಿ ಆಗು ಮಗಾ.
ಸದ್ದಿದ್ರೆ ಬೆರಳೆತ್ತು, ಹೋದ್ರೆ ಇಳಿಸು."
ಕೇಬಲ್ ಕಿತ್ತರು: ಬೆರಳು ಅರ್ಧ ಇಳಿಯಿತು.
ಬಾಕ್ಸ್ ಕಿತ್ತರು: ಅರ್ಧದಲ್ಲೇ ನಿಂತಿತು.
ಬರಿಗಾಲಲ್ಲಿ ನೆಲ ತುಳಿದು ನಿಂತ ಮುದುಕರು
ಟಿವಿ ಹಿಂದಿನ ಲೋಹದ ತುದಿ ಮುಟ್ಟಿದರೆ
ಬೆರಳು ಪೂರ್ತಿ ಕೆಳಗೆ.
ಬಿಟ್ಟರೆ ಮೇಲೆ. ಮುಟ್ಟಿದರೆ ಕೆಳಗೆ.
ಇಬ್ಬರಿಗೂ ನಗು, ಬೇಕೆಂದೇ ಇನ್ನೂ ಎರಡು ಸಲ.

"ಅರ್ಥ್ ಇಲ್ಲಮ್ಮ ನಿಮ್ಮನೇಲಿ" ಎಂದರು.

ಹತ್ತು ವರ್ಷದ ಸಂಸಾರ.
ಒಂದು ಕ್ಷಣ ನನಗೆ ಬೇರೆಯೇ ಕೇಳಿಸಿತು.

ಮನೆ ಹಿಂದೆ, ಮೀಟರಿನ ಕೆಳಗೆ,
ಒಗೆಯುವ ಕಲ್ಲು ಸರಿಸಿದರೆ ಸಿಮೆಂಟಿನ ಗುಂಡಿ.
ಏಪ್ರಿಲ್ಲಿನ ಶಿವಮೊಗ್ಗ. ತುಂಗೆಯಲ್ಲೇ ಬಂಡೆಗಳು ಬೆನ್ನು ಕಾಯಿಸುತ್ತಿದ್ದವು,
ಈ ಗುಂಡಿಯನ್ನು ಕೇಳುವವರು ಯಾರು?
ಮಣ್ಣು ಪೈಪಿನಿಂದ ಬಿಟ್ಟುಕೊಂಡು ನಿಂತಿತ್ತು.
ತಂತಿ ಇದೆ, ಪೈಪು ಇದೆ, ನೆಲವೂ ಇದೆ,
ಒಂದನ್ನೊಂದು ಹಿಡಿದುಕೊಳ್ಳಲು ನಡುವೆ ಪಸೆಯಿಲ್ಲ.

ಒಂದು ಸೇರು ಕಲ್ಲುಪ್ಪು, ಬಚ್ಚಲೊಲೆಯ ಇದ್ದಿಲು,
ಮೇಲೆ ಒಂದು ಕೊಡ ನೀರು.
ಗುಳುಗುಳು ಕುಡಿಯಿತು.
ಇನ್ನೊಂದು.
ಕಿಟಕಿಯಾಚೆ ಕಾಣುವ ಪುಟ್ಟ ಬೆರಳನ್ನೇ ನೋಡುತ್ತ
ಸಾಬರು ಬೀಡಿ ಹಚ್ಚುವುದನ್ನೂ ಮರೆತರು.
ಮೂರನೇ ಕೊಡಕ್ಕೆ ಅದು ಇಳಿಯಿತು,
ನಿಧಾನವಾಗಿ, ಇನ್ನೂ ನಂಬಿಕೆ ಬಾರದವಳ ಹಾಗೆ.

ಇನ್ನೂರು ಕೊಟ್ಟೆ.
ಐವತ್ತು ತೆಗೆದು ಇಂಚರಳ ಕೈಗಿಟ್ಟರು: "ಕಿವಿ ಕೂಲಿ."
ಗೇಟಿನ ಹತ್ತಿರ ತಿರುಗಿ,
ತುಟಿಯ ಮೇಲೆ ಬೆರಳಿಟ್ಟು ಅವಳಿಗೆ ಏನೋ ಸನ್ನೆ ಮಾಡಿದರು.

ಈಗ ಬುಧವಾರ ನಲ್ಲಿ ಬಂದರೆ
ಮೊದಲ ಕೊಡ ಗುಂಡಿಗೆ.
ಗಿಡವಿಲ್ಲದ ನೆಲಕ್ಕೆ ನೀರೆರೆಯುವುದನ್ನು ಕಂಡು
ಪಕ್ಕದ ಗಿರಿಜವ್ವ ಕಾಂಪೌಂಡಿನ ಮೇಲಿಂದ ಬಗ್ಗಿ ಕೇಳುತ್ತಾಳೆ,
"ಏನು ಬಿತ್ತಿದ್ದೀಯೇ ಅಲ್ಲಿ?"

"ಟಿವಿ" ಅನ್ನುತ್ತೇನೆ.